ನಂಬಿಕೆಯ ಮನೆವಾರ್ತೆ

ಕ್ರೈಸ್ತ ನಂಬಿಕೆಯನ್ನು ಕುರಿತು ಬರೆದಿಟ್ಟಿರುವುದರಲ್ಲಿ ಹೆಚ್ಚು ಪ್ರಸಿದ್ಧವಾದವು ತಿರುವಿನ ಕಥೆಗಳು. ದಮಸ್ಕದ ದಾರಿಯಲ್ಲಿ ಬೆಳಕಿಗೆ ಕಣ್ಣು ಕುಕ್ಕಿ ನೆಲಕ್ಕೆ ಬಿದ್ದ ಸೌಲನು ತಾನು ಹಿಂಸಿಸುತ್ತಿದ್ದ ಮತದ ಪ್ರಚಾರಕನಾಗಿ ಎದ್ದದ್ದು, ಮಿಲಾನ್ ನಗರದ ತೋಟವೊಂದರಲ್ಲಿ ಮಗುವಿನ ದನಿ ಕೇಳಿ ಅಗಸ್ಟೀನನು ಗ್ರಂಥವನ್ನು ತೆರೆದದ್ದು, 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಜಾನ್ ವೆಸ್ಲಿಗೆ ತನ್ನ ಪಾಪಗಳು ಕ್ಷಮಿಸಲ್ಪಟ್ಟವೆಂಬ ಭರವಸೆ ಹುಟ್ಟಿದ್ದು, ಇವೆಲ್ಲ ಒಂದು ದಿನ, ಒಂದು ಗಳಿಗೆ, ಒಂದು ಸ್ಥಳವನ್ನು ಬೆರಳಿಟ್ಟು ತೋರಿಸಬಲ್ಲ ಅನುಭವಗಳು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧಾರ್ಮಿಕ ಜಾಗೃತಿಯ ಕಾಲದಲ್ಲಿ ಈ ಬಗೆಯ ಕಥನಕ್ಕೆ ಒಂದು ಅಚ್ಚು ಸಿದ್ಧವಾಯಿತು: ಮೊದಲು ಪಾಪದ ಬದುಕು, ಬಳಿಕ ಅದರ ಅರಿವಿನಿಂದಾಗುವ ಸಂಕಟ, ಆಮೇಲೆ ಥಟ್ಟನೆ ಬರುವ ಬಿಡುಗಡೆ, ಕೊನೆಗೆ ಸಮಾಧಾನ. ಸಭೆಯ ಮುಂದೆ ನಿಂತು ಹೀಗೆ ತನ್ನ ಕಥೆಯನ್ನು ಹೇಳಿಕೊಳ್ಳುವುದಕ್ಕೆ ಸಾಕ್ಷಿ ಕೊಡುವುದು ಎನ್ನುತ್ತಾರೆ. ಆ ರೂಢಿ ಮಿಷನ್ನುಗಳ ಜೊತೆಯಲ್ಲಿ ಭಾರತಕ್ಕೂ ಬಂದು, ಇಲ್ಲಿನ ಪ್ರಾರ್ಥನಾಕೂಟಗಳಲ್ಲಿ ಇಂದಿಗೂ ನಡೆದಿದೆ.

ಸಾಕ್ಷಿಯ ಈ ಅಚ್ಚಿನಲ್ಲಿ ಸುಳ್ಳಿರಬೇಕೆಂದೇನೂ ಇಲ್ಲ. ಅನೇಕರಿಗೆ ಬದುಕು ನಿಜವಾಗಿಯೂ ಹಾಗೆಯೇ ತಿರುಗಿದೆ. ಆದರೆ ತಿರುವು ಮುಗಿದ ಮರುದಿನ ಬೆಳಿಗ್ಗೆ ಎದ್ದವರು ಮತ್ತೆ ನೀರು ಕಾಯಿಸಬೇಕು, ಸಾಲ ತೀರಿಸಬೇಕು, ಹೊಂದಿಕೆಯಾಗದ ಸಂಗಾತಿಯೊಂದಿಗೆ ಬಾಳಬೇಕು, ಕಾಯಿಲೆಯ ಮಗುವಿನ ಪಕ್ಕದಲ್ಲಿ ಉತ್ತರ ಸಿಗದ ಪ್ರಾರ್ಥನೆಯನ್ನು ಮಾಡಬೇಕು. ಇನ್ನು ಕ್ರೈಸ್ತ ಮನೆಯಲ್ಲಿಯೇ ಹುಟ್ಟಿದ ಬಹುಸಂಖ್ಯಾತ ಜನರಿಗಂತೂ ತೋರಿಸುವುದಕ್ಕೆ ಅಂಥ ದಿನವೇ ಇರುವುದಿಲ್ಲ. ಅವರ ನಂಬಿಕೆ ತಾಯಿಮಾತಿನ ಹಾಗೆ, ಯಾವಾಗ ಕಲಿತದ್ದೆಂದು ಗೊತ್ತಾಗದೆಯೇ ಬಂದಿರುತ್ತದೆ. ದಿನನಿತ್ಯದ ಕ್ರೈಸ್ತ ನಂಬಿಕೆಯನ್ನು ಪ್ರಾಮಾಣಿಕವಾಗಿ ಬರೆಯಬೇಕೆಂದು ಹೊರಟವರು ಎದುರಿಸಬೇಕಾದ ಮೊದಲ ತೊಡಕು ಇದೇ: ಕೈಗೆ ಸಿಗುವ ಸಿದ್ಧ ರೂಪವು ಅವರ ಅನುಭವದ ಅಳತೆಯದಲ್ಲ. ಆ ರೂಪಕ್ಕೆ ಹೊಂದಿಸಹೋದರೆ ಸಂದೇಹ ಇರಬೇಕಾದಲ್ಲಿ ಭರವಸೆ, ಕಾಯುವಿಕೆ ಇರಬೇಕಾದಲ್ಲಿ ಫಲ ಬಂದು ಕೂರುತ್ತವೆ.

ಅಗಸ್ಟೀನನಿಗೆ ಈ ತೊಡಕಿನ ಅರಿವಿತ್ತು ಎನ್ನುವುದನ್ನು ಅವನ ಹೆಸರಿನಲ್ಲಿ ತಿರುವಿನ ಕಥೆ ಹೇಳುವವರು ಮರೆಯುವುದುಂಟು. 397ರ ಸುಮಾರಿಗೆ ಬರೆಯತೊಡಗಿದ ‘ಕನ್ಫೆಶನ್ಸ್’ ಕೃತಿಯ ಒಂಬತ್ತನೆಯ ಭಾಗಕ್ಕೆ ಅವನ ಆತ್ಮಕಥೆ ಮುಗಿಯುತ್ತದೆ, ಆದರೆ ಹತ್ತನೆಯ ಭಾಗದಲ್ಲಿ ಅವನು ಬಿಷಪ್ ಆದಮೇಲಿನ ತನ್ನ ಸ್ಥಿತಿಯನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ರಾತ್ರಿಯ ಕನಸುಗಳು ಇನ್ನೂ ತನ್ನ ಹಿಡಿತಕ್ಕೆ ಬಂದಿಲ್ಲವೆಂದೂ, ಹಸಿವಿಗೆ ಉಣ್ಣುವುದು ಎಲ್ಲಿ ಮುಗಿದು ರುಚಿಗೆ ಉಣ್ಣುವುದು ಎಲ್ಲಿ ಮೊದಲಾಗುತ್ತದೆಂದು ತಿಳಿಯುವುದಿಲ್ಲವೆಂದೂ, ದೇವಾಲಯದಲ್ಲಿ ಹಾಡಿನ ಅರ್ಥಕ್ಕಿಂತ ರಾಗಕ್ಕೆ ಮನಸ್ಸು ಹೆಚ್ಚು ಸೋಲುತ್ತದೆಂದೂ ಒಪ್ಪಿಕೊಳ್ಳುತ್ತಾನೆ. ತೋಟದ ಪ್ರಸಂಗಕ್ಕಿಂತ ಈ ಭಾಗ ಕಡಿಮೆ ಓದಿಸಿಕೊಳ್ಳುತ್ತದೆ. ನಂಬಿಕೆಯ ದಿನಚರಿ ಹೇಗಿರುತ್ತದೆಂದು ತಿಳಿಯಬಯಸುವವರಿಗೆ ಬೇಕಾದದ್ದು ಮಾತ್ರ ಇದರಲ್ಲಿಯೇ ಇದೆ.

ಭಾರತದ ಮಟ್ಟಿಗೆ ತಿರುವಿನ ಕಥೆಯನ್ನು ಇನ್ನಷ್ಟು ಗಟ್ಟಿಗೊಳಿಸಿದ್ದು ಮಿಷನ್ ವರದಿ ಎಂಬ ಬರಹ ಪ್ರಕಾರ. ಹತ್ತೊಂಬತ್ತನೆಯ ಶತಮಾನದ ಮಿಷನ್ ಸಂಸ್ಥೆಗಳು ನಡೆಯುತ್ತಿದ್ದುದು ದೂರದ ಊರುಗಳ ಸಾಧಾರಣ ಭಕ್ತರು ಕೊಟ್ಟ ಕಾಣಿಕೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗಾಗಿ ಸ್ವಿಟ್ಜರ್‌ಲೆಂಡ್ ಮತ್ತು ದಕ್ಷಿಣ ಜರ್ಮನಿಯಲ್ಲಿ 1855ರಿಂದ ‘ಅರ್ಧ ಬಾಟ್ಸೆನ್’ ಎಂಬ ಸಂಗ್ರಹ ನಡೆಯಿತು. ಬಾಟ್ಸೆನ್ ಎಂದರೆ ಅಲ್ಲಿನ ಒಂದು ಚಿಲ್ಲರೆ ನಾಣ್ಯ, ಅದರ ಅರ್ಧದಷ್ಟನ್ನು ವಾರವಾರ ಕೊಡುವ ಬಡವರ ಹಣ ಒಟ್ಟುಗೂಡಿ ಇಲ್ಲಿನ ಶಾಲೆ, ಮುದ್ರಣಾಲಯಗಳ ಖರ್ಚಿಗೆ ಒದಗುತ್ತಿತ್ತು. ಹೊಟ್ಟೆ ಬಟ್ಟೆ ಕಟ್ಟಿ ಕಾಸು ಕೊಟ್ಟವರಿಗೆ ಅದರಿಂದ ಏನಾಯಿತೆಂದು ತಿಳಿಯುವ ಹಕ್ಕಿತ್ತು, ತಿಳಿಸುವ ಕರ್ತವ್ಯ ಮಿಷನರಿಗಿತ್ತು. ಇಂಥ ವರದಿಯಲ್ಲಿ ದೀಕ್ಷಾಸ್ನಾನ, ಅಂದರೆ ನೀರಿನ ಸಂಸ್ಕಾರದ ಮೂಲಕ ಸಭೆಯೊಳಕ್ಕೆ ಸೇರುವ ವಿಧಿ, ಕಥೆಯ ಶಿಖರವಾಗುವುದು ಸಹಜವೇ ಆಗಿತ್ತು. ದೀಕ್ಷೆ ಪಡೆದವನು ಕುಲಕಸುಬು ಕಳೆದುಕೊಂಡು ನಿರುದ್ಯೋಗಿಯಾದದ್ದೂ, ಅಂಥವರ ಜೀವನಕ್ಕಾಗಿ ನೇಯ್ಗೆಯ ಮಗ್ಗಗಳು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಬಂದದ್ದೂ ಆ ಕಾಗದಪತ್ರಗಳಲ್ಲಿ ಸಿಗುತ್ತವೆ. ಕರಾವಳಿಯ ಸಾಮಾಜಿಕ ಇತಿಹಾಸ ಅವಕ್ಕೆ ಋಣಿ. ಆದರೆ ದೀಕ್ಷೆ ಪಡೆದವನ ಹೆಂಡತಿ ಆ ರಾತ್ರಿ ಏನು ಯೋಚಿಸಿದಳು, ಅವನ ತಾಯಿ ಮಗನ ತಟ್ಟೆಯನ್ನು ಎಲ್ಲಿಟ್ಟಳು ಎಂಬಂಥ ಸಂಗತಿಗಳು ವರದಿಯ ಕಣ್ಣಿಗೆ ಬೀಳುವಂಥವಲ್ಲ.

ಆ ಹೆಂಡತಿಯ ಕಡೆಯಿಂದಲೇ ಇಡೀ ಕಥೆಯನ್ನು ಹೇಳಿದ ಪುಸ್ತಕವೊಂದು ಮರಾಠಿಯಲ್ಲಿದೆ. ಲಕ್ಷ್ಮೀಬಾಯಿ ತಿಲಕರ ‘ಸ್ಮೃತಿಚಿತ್ರೆ’ 1934ರಿಂದ ಭಾಗಭಾಗವಾಗಿ ಪ್ರಕಟವಾಯಿತು, ಲೇಖಕಿ 1936ರಲ್ಲಿ ತೀರಿಕೊಂಡರು. ನಾಸಿಕದ ಬಳಿಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿ, ಶಾಲೆಯ ಮೆಟ್ಟಿಲು ಹತ್ತದೆ, ಹನ್ನೊಂದರ ಆಸುಪಾಸಿನ ವಯಸ್ಸಿಗೆ ನಾರಾಯಣ ವಾಮನ ತಿಲಕರ ಹೆಂಡತಿಯಾದ ಈ ಚಿತ್ಪಾವನ ಬ್ರಾಹ್ಮಣ ಹೆಂಗಸಿಗೆ ಅಕ್ಷರ ಬಂದದ್ದೇ ಮದುವೆಯ ನಂತರ. ಗಂಡನ ಜೀವನಚರಿತ್ರೆಗೆ ಸಾಮಗ್ರಿಯಾಗಲೆಂದು ಮಗ ದೇವದತ್ತ ಒತ್ತಾಯಿಸಿದ್ದರಿಂದ ಅವರು ನೆನಪುಗಳನ್ನು ಬರೆಯತೊಡಗಿದರು. ತಿಲಕರು (1919ರಲ್ಲಿ ನಿಧನ) ಮರಾಠಿಯ ಹೆಸರಾಂತ ಕವಿ, ಹೂಗಳ ಮತ್ತು ಮಕ್ಕಳ ಕವಿಯೆಂದು ಇಂದಿಗೂ ಮಹಾರಾಷ್ಟ್ರದ ಪಠ್ಯಪುಸ್ತಕಗಳ ಓದುಗರಿಗೆ ಪರಿಚಿತರು. ತುಕಾರಾಮರ ಅಭಂಗದ ಧಾಟಿಯಲ್ಲಿ ಅವರು ರಚಿಸಿದ ಕ್ರೈಸ್ತ ಭಜನೆಗಳನ್ನು ಮರಾಠಿ ಚರ್ಚುಗಳು ಇಂದಿಗೂ ಹಾಡುತ್ತವೆ. ಇಂಥ ಒಬ್ಬರ ಚರಿತ್ರೆಗೆ ಪೂರಕ ಟಿಪ್ಪಣಿಯಾಗಿ ಹುಟ್ಟಿದ ಬರಹ ಮರಾಠಿ ಗದ್ಯದ ಶ್ರೇಷ್ಠ ಕೃತಿಗಳಲ್ಲೊಂದಾಗಿ ನಿಂತಿತು. ಭಾರತೀಯ ಭಾಷೆಗಳಲ್ಲಿ ಕ್ರೈಸ್ತ ಬದುಕನ್ನು ಕುರಿತು ಬಂದ ಬರಹಗಳಲ್ಲಿ ಇದಕ್ಕಿಂತ ಸತ್ಯವಾದದ್ದು ಮತ್ತೊಂದು ಇರಲಾರದು.

ಪುಸ್ತಕದ ಆರಂಭದಲ್ಲಿ ಕ್ರಿಸ್ತನ ಸುಳಿವೇ ಇಲ್ಲ, ಇರುವುದು ಮಡಿ. ಲಕ್ಷ್ಮೀಬಾಯಿಯವರ ತಂದೆಗೆ ಮೈಲಿಗೆಯ ಭಯ ಎಷ್ಟು ವಿಪರೀತವಾಗಿ ಹತ್ತಿಕೊಂಡಿತ್ತೆಂದರೆ, ಹೊರಗಿನಿಂದ ಬಂದ ದಿನಸಿಯೆಲ್ಲ ನೀರು ಕಂಡೇ ಒಳಗೆ ಹೋಗಬೇಕಿತ್ತು, ಮನೆಯ ಹೆಂಗಸರು ಮಕ್ಕಳು ದಿನವಿಡೀ ಅವರ ನಿಯಮಗಳ ನಡುವೆ ಜೀವ ಹಿಡಿದು ಓಡಾಡಬೇಕಿತ್ತು. ಈ ಭಾಗವನ್ನು ಮತಾಂತರದ ಅಚ್ಚಿನಲ್ಲಿ ಬರೆಯುವವರಾಗಿದ್ದರೆ, ಹಳೆಯ ಮತದ ಕತ್ತಲೆಯೆಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಬೇಡವಾಗಿತ್ತು. ಲಕ್ಷ್ಮೀಬಾಯಿಯವರು ಹಾಗೆ ಮಾಡುವುದಿಲ್ಲ. ತಂದೆಯ ಹಠವನ್ನು ಅವರು ನಗುತ್ತ, ಆ ನಗುವಿನೊಳಗೆ ಮರುಕವನ್ನಿಟ್ಟು ಬರೆಯುತ್ತಾರೆ. ಅದೇ ಮನೆತನದ ಪ್ರೀತಿ, ಕರುಣೆ, ಆತಿಥ್ಯಗಳನ್ನೂ ಅಷ್ಟೇ ವಿವರವಾಗಿ ದಾಖಲಿಸುತ್ತಾರೆ. ತಾನು ಬಿಟ್ಟುಬಂದ ಮನೆಯನ್ನು ಕಪ್ಪಾಗಿಸದೆ ತಾನು ಸೇರಿದ ಮನೆಯನ್ನು ಬೆಳಗಿಸಬಹುದೆಂಬ ನಂಬಿಕೆ ಈ ಬರವಣಿಗೆಯ ಕೆಳಗಿದೆ. ಧರ್ಮದ ಬಗೆಗಿನ ಇಂದಿನ ಮಾತುಕತೆಯಲ್ಲಿ ಎಲ್ಲ ಕಡೆಯವರಿಗೂ ಈ ಗುಣ ಬೇಕಾಗಿದೆ.

ಗಂಡನ ಚಿತ್ರವೂ ಹಾಗೆಯೇ ಮುಚ್ಚುಮರೆಯಿಲ್ಲದ್ದು. ತಿಲಕರು ಕೋಪಿಷ್ಠರು, ಧಾರಾಳಿ, ಕೈಗೆ ಬಂದ ಸಂಬಳವನ್ನು ಮನೆ ತಲುಪುವ ಮೊದಲೇ ಯಾರಿಗೋ ಕೊಟ್ಟುಬಿಡುವವರು, ಹೇಳದೆ ಕೇಳದೆ ಮನೆ ಬಿಟ್ಟು ಹೊರಟುಹೋಗುವವರು. ಊರೂರು ಅಲೆಸಿ, ಕೆಲಸದ ಮೇಲೆ ಕೆಲಸ ಬದಲಿಸಿದ ಈ ಮನುಷ್ಯ 1893ರಲ್ಲಿ ನಾಗಪುರದಿಂದ ರಾಜನಾಂದಗಾಂವಿಗೆ ಹೋಗುತ್ತಿದ್ದ ರೈಲಿನಲ್ಲಿ ಐರೋಪ್ಯ ಪ್ರಯಾಣಿಕನೊಬ್ಬನಿಂದ ಹೊಸ ಒಡಂಬಡಿಕೆಯ ಪ್ರತಿಯನ್ನು ಪಡೆದರು. ಯೇಸುವಿನ ಬೋಧನೆಗಳಲ್ಲಿ ಪ್ರಮುಖವಾದ ಗಿರಿಪ್ರವಚನವನ್ನು ಓದಿ ಕೆಳಗಿಡಲಾರದೆ ಹೋದರು. 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ತಿಲಕರ ಸಾಕ್ಷಿಯಾಗಿದ್ದರೆ ಕಥೆ ಇಲ್ಲಿ ಶಿಖರ ಮುಟ್ಟುತ್ತಿತ್ತು. ಹೆಂಡತಿಯ ಪುಸ್ತಕದಲ್ಲಿ ಅದು ಮನೆ ಒಡೆದ ದಿನ. ಸುದ್ದಿ ಬಂದಾಗ ತವರಿನ ಬಂಧುಗಳ ನಡುವೆ ಚಿಕ್ಕ ಮಗನನ್ನು ಕಟ್ಟಿಕೊಂಡು ಕುಳಿತಿದ್ದ ಹೆಂಗಸಿಗೆ ಗಂಡ ಬದುಕಿಯೂ ಇಲ್ಲವಾದ. ವಿಧವೆಯೂ ಅಲ್ಲದ, ಮುತ್ತೈದೆಯ ಗೌರವವೂ ಉಳಿಯದ ಆ ಸ್ಥಿತಿಗೆ ಸಮಾಜದಲ್ಲಿ ಹೆಸರೇ ಇರಲಿಲ್ಲ. ಅಕ್ಕ ಭಿಕೂತಾಯಿ ಮತ್ತು ಭಾವ ಪೆಂಡಸೆಯವರ ಆಸರೆಯಲ್ಲಿ, ಪಂಢರಪುರದ ವಾಸದಲ್ಲಿ ಕಳೆದ ಆ ವರ್ಷಗಳಲ್ಲಿಯೇ ದುಃಖ ತಡೆಯಲಾರದೆ ಅವರಿಂದ ಪದ್ಯಗಳು ಹೊರಟವು. ಗಂಡನನ್ನು ಕಳೆದುಕೊಂಡ ಸಂಕಟದಿಂದ ಹುಟ್ಟಿದ ಈ ಕಾವ್ಯಶಕ್ತಿಯೇ ಮುಂದೆ ಅವನು ಮುಗಿಸದೆ ಬಿಟ್ಟ ಕ್ರೈಸ್ತ ಮಹಾಕಾವ್ಯವನ್ನು ಪೂರೈಸಿತೆಂಬುದನ್ನು ಲೇಖಕಿ ಎತ್ತಿ ಹೇಳುವುದಿಲ್ಲ. ಓದುಗರೇ ಅದನ್ನು ಕಂಡುಕೊಳ್ಳಬೇಕು.

ಸುಮಾರು ಐದು ವರ್ಷಗಳ ಕಾಲ ಹರಡಿಕೊಂಡ ಮುಂದಿನ ಬದಲಾವಣೆಯನ್ನು ಲಕ್ಷ್ಮೀಬಾಯಿಯವರು ಬರೆದಿರುವ ಕ್ರಮವನ್ನು ನಿಧಾನವಾಗಿ ಗಮನಿಸಬೇಕು. ಗಂಡನ ಬಳಿಗೆ ಮರಳುವಾಗ ಅವರು ಗಂಡನ ದೇವರ ಬಳಿಗೆ ಹೋಗುತ್ತಿರಲಿಲ್ಲ. ಅಹಮದ್‌ನಗರಕ್ಕೆ ಬಂದಮೇಲೂ ತಮ್ಮ ಮಡಿ, ತಮ್ಮ ಅಡುಗೆ, ತಮ್ಮ ನೀರನ್ನು ಬೇರೆಯಾಗಿಯೇ ಇಟ್ಟುಕೊಂಡರು, ತಿಲಕರೂ ಅದಕ್ಕೆ ಅಡ್ಡಿ ಮಾಡಲಿಲ್ಲ. ಅವರೊಳಗೆ ಮೊದಲು ಅಲುಗಾಡಿದ್ದು ದೇವರ ಕಲ್ಪನೆಯಲ್ಲ, ಜಾತಿಯ ಕಲ್ಪನೆ. ಜಾತಿಗಳನ್ನು ದೇವರೇ ಮಾಡಿದ್ದಾದರೆ ಪ್ರಾಣಿಗಳ ಜಾತಿಗಳನ್ನು ನೋಡಿದ ಕೂಡಲೇ ಗುರುತಿಸುವ ಹಾಗೆ ಮನುಷ್ಯರ ಜಾತಿಯೂ ಮೈಮೇಲೆ ಕಾಣಬೇಕಿತ್ತಲ್ಲ ಎಂಬ ತರ್ಕ ಒಮ್ಮೆ ಅವರ ತಲೆಯಲ್ಲಿ ಎದ್ದು ನಿಂತಿತು. ಅದಕ್ಕೆ ಉತ್ತರ ಸಿಗದಾಗ, ಇನ್ನು ಮೇಲೆ ಯಾರ ಕೈಯಿಂದಾದರೂ ಉಣ್ಣುತ್ತೇನೆಂದು ಅವರು ತಮಗೆ ತಾವೇ ನಿಶ್ಚಯಿಸಿಕೊಂಡರು. ಯಾರೂ ಬೋಧಿಸಿರಲಿಲ್ಲ, ಯಾವ ಕೂಟದಲ್ಲಿಯೂ ಇದು ನಡೆದದ್ದಲ್ಲ. ದೀಕ್ಷಾಸ್ನಾನ ಬಂದದ್ದು ಅದರ ನಂತರ, 1900ರಲ್ಲಿ. ಬುದ್ಧಿ ಒಪ್ಪಿದ್ದನ್ನು ಕೈಯೂ ಬಾಯಿಯೂ ಒಪ್ಪಲು ಹಿಡಿದ ಕಾಲವನ್ನು ಅವರು ಮೊಟಕುಗೊಳಿಸದೆ ಕೊಟ್ಟಿದ್ದಾರೆ. ತಂದೆಯ ಮನೆಯ ದಿನಸಿ ತೊಳೆಯುವ ನೀರನ್ನು ಓದಿ ಬಂದವರಿಗೆ, ಪರಜಾತಿಯವರ ಕೈಯ ಒಂದು ಲೋಟ ನೀರಿನ ಹಿಂದೆ ಎಷ್ಟು ದೂರದ ಪಯಣವಿದೆಯೆಂಬುದು ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ.

ದೀಕ್ಷೆಯ ನಂತರವೂ ಪುಸ್ತಕ ಸಾಕಷ್ಟು ಉದ್ದಕ್ಕೆ ನಡೆಯುತ್ತದೆ ಎನ್ನುವುದು ಅದರ ಇನ್ನೊಂದು ಹೆಚ್ಚುಗಾರಿಕೆ. ತಿಲಕರ ಕೋಪ ದೀಕ್ಷಾಸ್ನಾನದ ನೀರಿನಲ್ಲಿ ತೊಳೆದುಹೋಗಲಿಲ್ಲ, ಮನೆಯ ಹಣದ ಮುಗ್ಗಟ್ಟು ಹಾಗೆಯೇ ಉಳಿಯಿತು, ಜಗಳಗಳೂ ಉಳಿದವು. ಅದರ ಜೊತೆಗೆ ಬರಗಾಲದ ಅನಾಥ ಮಕ್ಕಳು ಮನೆಗೆ ಬಂದರು, ಪ್ಲೇಗು ಬಂದಾಗ ರೋಗಿಗಳ ಆರೈಕೆಯ ಕೆಲಸ ಬಂತು. ಉಪದೇಶಿಯಂತೆ ಮಾತಾಡದ ಈ ಹೆಂಗಸು ಕ್ರೈಸ್ತ ಪ್ರೀತಿಯೆಂದರೇನೆಂದು ಹೇಳುವುದಕ್ಕೆ ಒಂದು ಸಾಲನ್ನೂ ವ್ಯಯಿಸದೆ, ತುಂಬಿದ ಮನೆಗೆ ಅನ್ನ ಹೊಂದಿಸುವ ಪರದಾಟವನ್ನು ಹೇಳುತ್ತಾರೆ. ನಗು ಅವರ ಗದ್ಯದಲ್ಲಿ ಎಲ್ಲೆಲ್ಲೂ ಇದೆ. ಆದರೆ ಅದು ನಂಬಿಕೆಯನ್ನು ಹಗುರ ಮಾಡುವ ನಗುವಲ್ಲ. ಕಷ್ಟವನ್ನು ಪುಣ್ಯದ ಕಥೆಯಾಗಿ ಮಾರಿಕೊಳ್ಳಲು ಒಪ್ಪದ ಸ್ವಾಭಿಮಾನ ಆ ನಗುವಿನಲ್ಲಿದೆ. 1917ರಲ್ಲಿ ತಿಲಕರು ಮಿಷನ್ನಿನ ನೌಕರಿ ಬಿಟ್ಟು ಕ್ರೈಸ್ತ ಸಂನ್ಯಾಸಿಯ ಜೀವನಕ್ಕೆ ಇಳಿದು, ‘ದೇವರ ದರ್ಬಾರು’ ಎಂದು ಹೆಸರಿಟ್ಟು, ದೀಕ್ಷೆ ಪಡೆದವರೂ ಪಡೆಯದವರೂ ಒಟ್ಟಿಗಿರಬಲ್ಲ ಭಕ್ತರ ಬಳಗವೊಂದನ್ನು ಕಟ್ಟಹೊರಟರು. ಮಿಷನ್ನಿನ ಚೌಕಟ್ಟಿಗೂ ಭಾರತೀಯ ಭಕ್ತಿಯ ಚೌಕಟ್ಟಿಗೂ ನಡುವಿನ ಬಿಗುವಿನಿಂದ ಹುಟ್ಟಿದ ಈ ನಿರ್ಧಾರವನ್ನು ಇತಿಹಾಸಕಾರರು ದೊಡ್ಡ ದನಿಯಲ್ಲಿ ಚರ್ಚಿಸುತ್ತಾರೆ. ಸಂನ್ಯಾಸಿಯ ಹೆಂಡತಿಯಾದವಳ ತಿಂಗಳ ಖರ್ಚು ಹೇಗೆ ನಡೆಯಿತೆಂಬ ಪ್ರಶ್ನೆಗೆ ಮಾತ್ರ ‘ಸ್ಮೃತಿಚಿತ್ರೆ’ಯನ್ನೇ ತೆರೆಯಬೇಕು.

ಯೇಸುವಿನ ಚರಿತ್ರೆಯನ್ನು ಪುರಾಣಕಾವ್ಯದ ಧಾಟಿಯಲ್ಲಿ ಹೇಳಲು ತಿಲಕರು ಆರಂಭಿಸಿದ ‘ಕ್ರಿಸ್ತಾಯನ’ ಅವರ ಮರಣದ ವೇಳೆಗೆ ಕೆಲವೇ ಅಧ್ಯಾಯಗಳಷ್ಟಾಗಿತ್ತು. ಅರವತ್ತಕ್ಕೂ ಹೆಚ್ಚು ಅಧ್ಯಾಯಗಳನ್ನು ಬರೆದು ಅದನ್ನು ಮುಗಿಸಿದವರು ಲಕ್ಷ್ಮೀಬಾಯಿ. ಹಾಗಿದ್ದೂ ಅವರನ್ನು ಉಳಿಸಿರುವುದು ಆ ಮಹಾಕಾವ್ಯವಲ್ಲ, ಗದ್ಯದ ಈ ನೆನಪುಗಳು.

ಮರಾಠಿಯ ಇನ್ನೊಬ್ಬ ಕ್ರೈಸ್ತ ಲೇಖಕಿಯ ಹುಟ್ಟೂರು ಕರ್ನಾಟಕದಲ್ಲಿದೆ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸನಾತನಿಗಳ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ, 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ಅಕ್ಕನನ್ನು ಕಳೆದುಕೊಂಡು, ಅಣ್ಣನೊಡನೆ ದೇಶ ಅಲೆದು 1878ರಲ್ಲಿ ಕಲ್ಕತ್ತೆ ಸೇರಿ, ಅಲ್ಲಿನ ವಿದ್ವಾಂಸರಿಂದ ಪಂಡಿತೆಯೆನಿಸಿಕೊಂಡು, ವಿಧವೆಯಾದ ಮೇಲೆ ಇಂಗ್ಲೆಂಡಿಗೆ ಹೋಗಿ 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನ ಸಂನ್ಯಾಸಿನಿಯರ ಮಠದಲ್ಲಿ ದೀಕ್ಷಾಸ್ನಾನ ಪಡೆದರು. ಇವರ ನಂಬಿಕೆಯ ಬರಹ ಎರಡು ಬೇರೆ ರೂಪಗಳಲ್ಲಿ ಉಳಿದಿದೆ. ಒಂದು, ದೀಕ್ಷೆಯ ನಂತರದ ವರ್ಷಗಳಲ್ಲಿ ಮಠದ ಸಿಸ್ಟರ್ ಜೆರಾಲ್ಡೀನ್ ಮತ್ತು ಚೆಲ್ಟನ್‌ಹ್ಯಾಮ್ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ಅವರೊಡನೆ ನಡೆದ ಪತ್ರವ್ಯವಹಾರ, ಅದು ಪುಸ್ತಕವಾಗಿ ಬಂದದ್ದು 1977ರಲ್ಲಿ. ಇನ್ನೊಂದು, 1907ರಲ್ಲಿ ಪ್ರಕಟಿಸಿದ ಸಾಕ್ಷಿ.

ಪತ್ರಗಳಲ್ಲಿ ರಮಾಬಾಯಿ ವಾದ ಮಾಡುತ್ತಾರೆ. ತಂದೆ, ಮಗ, ಪವಿತ್ರಾತ್ಮ ಎಂಬ ಮೂವರೂ ಒಬ್ಬನೇ ದೇವರೆಂದು ಹೇಳುವ ತ್ರಿಯೇಕತ್ವದ ಸಿದ್ಧಾಂತವನ್ನು ಪ್ರಶ್ನಿಸುತ್ತಾರೆ, ಬೈಬಲ್ಲಿನಲ್ಲಿ ಸ್ಪಷ್ಟವಾಗಿಲ್ಲದ್ದನ್ನು ಸಭೆಯ ಅಧಿಕಾರದ ಮಾತೆಂದು ಒಪ್ಪಲಾರೆನೆನ್ನುತ್ತಾರೆ, ಸಸ್ಯಾಹಾರವನ್ನು ಬಿಡಲಾರೆನೆನ್ನುತ್ತಾರೆ, ಶಿಲುಬೆಯ ಮೇಲಿನ ಬರಹ ತಮಗೆ ತಿಳಿಯದ ಲ್ಯಾಟಿನ್ನಿನಲ್ಲಿ ಏಕಿರಬೇಕು, ಸಂಸ್ಕೃತದಲ್ಲಿ ಏಕಿರಬಾರದು ಎಂದು ಕೇಳುತ್ತಾರೆ. ಗುರುಸ್ಥಾನದಲ್ಲಿದ್ದ ಸಿಸ್ಟರ್ ಇದರಲ್ಲಿ ಅಹಂಕಾರವನ್ನು ಕಂಡರು. ಇಂದು ಓದುವವರಿಗೆ ಕಾಣುವುದು, ಹೊಸ ನಂಬಿಕೆಯನ್ನು ತನ್ನ ಬುದ್ಧಿಯ ಮೂಲಕ, ತನ್ನ ತಟ್ಟೆಯ ಮೂಲಕ, ತನ್ನ ಭಾಷೆಯ ಮೂಲಕ ತನ್ನದಾಗಿಸಿಕೊಳ್ಳಲು ಹೆಣಗುತ್ತಿರುವ ಇಪ್ಪತ್ತೈದು ಇಪ್ಪತ್ತಾರರ ಒಬ್ಬ ವಿದ್ವಾಂಸೆ. ಅಚ್ಚಿಗೆ ಹೋಗುವ ಆಲೋಚನೆಯಿಲ್ಲದೆ ಬರೆದ ಪತ್ರಗಳಾದ್ದರಿಂದ ಅಲ್ಲಿ ಸಿಟ್ಟು, ಕೃತಜ್ಞತೆ, ಬಳಲಿಕೆ ಒಂದೇ ಪುಟದಲ್ಲಿ ಬರುತ್ತವೆ.

1907ರ ಸಾಕ್ಷಿಯಾದರೋ ಸಾರ್ವಜನಿಕ ಬರಹ, ಅದಕ್ಕೆ ರೂಢಿಯ ಅಚ್ಚಿನ ಪರಿಚಯ ಚೆನ್ನಾಗಿಯೇ ಇದೆ. ಆದರೂ ಆ ಅಚ್ಚನ್ನು ಒಳಗಿನಿಂದ ಬಿರುಕುಗೊಳಿಸುವ ಒಂದು ಮಾತನ್ನು ರಮಾಬಾಯಿ ಅಲ್ಲಿ ದಾಖಲಿಸಿದ್ದಾರೆ: ದೀಕ್ಷಾಸ್ನಾನ ಪಡೆದಾಗ ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲವೆಂದೂ, ಅವನು ಸಿಕ್ಕಿದ್ದು ಸುಮಾರು ಎಂಟು ವರ್ಷಗಳ ನಂತರವೆಂದೂ ಅವರು ಹೇಳಿಕೊಳ್ಳುತ್ತಾರೆ. ಆ ಎಂಟು ವರ್ಷಗಳಲ್ಲಿ ಅವರು ಅಮೆರಿಕದಲ್ಲಿ ಪ್ರವಾಸ ಮಾಡಿ, ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಪುಸ್ತಕವನ್ನು 1887ರಲ್ಲಿ ಬರೆದು, 1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಜಗತ್ತೇ ಬಲ್ಲ ಕ್ರೈಸ್ತ ಮಹಿಳೆಯಾಗಿದ್ದರು. ಹೆಸರಿನ ಶಿಖರದಲ್ಲಿದ್ದ ಅವಧಿಯನ್ನೇ ಒಳಗೆ ಬರಿದಾಗಿದ್ದ ಅವಧಿಯೆಂದು ಬರೆದುಕೊಳ್ಳಲು ಎದೆಗಾರಿಕೆ ಬೇಕು. ಮುಂದೆ ಕೇಡಗಾಂವಿನಲ್ಲಿ ತಾವೇ ಕಟ್ಟಿದ ಮುಕ್ತಿ ಸದನದಲ್ಲಿ ಅವರು ಹೀಬ್ರೂ ಮತ್ತು ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಸಾಮಾನ್ಯ ಹೆಂಗಸರಿಗೆ ತಿಳಿಯುವ ಸರಳ ಮರಾಠಿಗೆ ತರುವ ಕೆಲಸಕ್ಕೆ ತೊಡಗಿ, 1922ರಲ್ಲಿ ಸಾಯುವ ಹೊತ್ತಿಗೆ ಅದನ್ನು ಮುಗಿಸಿದ್ದರು. ಸದನದ ಹೆಂಗಸರೇ ನಡೆಸುತ್ತಿದ್ದ ಅಚ್ಚುಕೂಟದಲ್ಲಿ ಅದರ ಮೊಳೆ ಜೋಡಣೆ ನಡೆಯಿತು. ಲ್ಯಾಟಿನ್ ಬೇಡವೆಂದ ಯುವತಿಯ ಹಠ ಅಹಂಕಾರವೇ ಆಗಿದ್ದರೆ ಅದು ಇಂಥ ಫಲ ಕೊಡುತ್ತಿರಲಿಲ್ಲ.

ಮತಾಂತರದ ತಲೆಮಾರು ಕಳೆದ ಮೇಲೆ, ಹುಟ್ಟಿನಿಂದಲೇ ಕ್ರೈಸ್ತರಾದವರು ಬರೆಯುವಾಗ ಪ್ರಶ್ನೆ ಬೇರೆಯಾಗುತ್ತದೆ. ತಮಿಳಿನ ದಲಿತ ಕೆಥೊಲಿಕ್ ಲೇಖಕಿ ಬಾಮಾ ಅವರ ‘ಕರುಕ್ಕು’ (1992) ಈ ಬಗೆಯ ಬರಹಕ್ಕೆ ಭಾರತದಲ್ಲಿ ಸಿಗುವ ಅತ್ಯಂತ ದಿಟ್ಟ ಉದಾಹರಣೆ. ಹಳ್ಳಿಯ ಚರ್ಚಿನ ಗಂಟೆ, ಬಾಯಿಪಾಠ ಮಾಡಿಸುವ ಧರ್ಮೋಪದೇಶ, ಮಾಸ್ ಎಂದು ಕರೆಯುವ ಬಲಿಪೂಜೆಗೆ ತಪ್ಪಿಸಿಕೊಂಡರೆ ಬೀಳುವ ಪೆಟ್ಟು, ಹಬ್ಬದ ಸಡಗರ, ಇವೆಲ್ಲವನ್ನೂ ಹೊಲದ ಕೂಲಿಯ ನಡುವೆಯೇ ಇಟ್ಟು ಬರೆದ ಬಾಮಾ, ಬಡ ಮಕ್ಕಳ ಸೇವೆಗೆಂದು ಸಂನ್ಯಾಸಿನಿಯರ ಮಠ ಸೇರಿ, ಅಲ್ಲಿಯೂ ಜಾತಿಯನ್ನೇ ಕಂಡು ಏಳು ವರ್ಷಗಳ ಬಳಿಕ ಹೊರಬಂದರು. ಆದರೆ ಪುಸ್ತಕ ದೇವರನ್ನು ಬಿಟ್ಟು ಹೊರಬರುವುದಿಲ್ಲ. ಮಠ ಕಲಿಸಿದ ದೀನತೆಯ ದೇವರ ಬದಲು ಅನ್ಯಾಯದ ವಿರುದ್ಧ ನಿಂತ ಯೇಸುವನ್ನು ತನ್ನ ಜನರಿಗಾಗಿ ಹುಡುಕುವ ಆ ಪುಟಗಳು ಚರ್ಚನ್ನು ಪ್ರೀತಿಸದವರಿಂದ ಬರುವಂಥವಲ್ಲ.

ಕನ್ನಡದಲ್ಲಿ ಕ್ರೈಸ್ತರ ಅಕ್ಷರಸೇವೆಯ ಚರಿತ್ರೆ ದೊಡ್ಡದು: ಹರ್ಮನ್ ಮೋಗ್ಲಿಂಗ್ 1843ರಲ್ಲಿ ತಂದ ‘ಮಂಗಳೂರ ಸಮಾಚಾರ’, ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ದೇಸಿ ಛಂದಸ್ಸುಗಳಲ್ಲಿ ಯೇಸುವಿನ ಕಥೆ ಹೇಳಿದ ‘ಕಥಾಮಾಲೆ’, ಅವರದೇ 1894ರ ನಿಘಂಟು, ಇವನ್ನೆಲ್ಲ ಶಾಲೆಯ ಮಕ್ಕಳೂ ಬಲ್ಲರು. ಕನ್ನಡ ಕ್ರೈಸ್ತರ ದೈನಂದಿನ ಬದುಕು ಮಾತ್ರ ಕನ್ನಡ ಸಾಹಿತ್ಯದಲ್ಲಿ ಅಷ್ಟು ಧಾರಾಳವಾಗಿ ಬಂದಿಲ್ಲ. ಸಾಗರದ ನಾ. ಡಿಸೋಜ ಅವರು, ಶರಾವತಿಯ ಮುಳುಗಡೆಯ ಕಥೆಗಾರರೆಂದೇ ನಾಡಿಗೆ ಹೆಚ್ಚು ಪರಿಚಿತರಾದರೂ, ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿಯಲ್ಲಿ ಮಲೆನಾಡಿನ ಕ್ರೈಸ್ತ ಕುಟುಂಬಗಳನ್ನು ತಂದರು. ಇಗರ್ಜಿ ಎಂದರೆ ಕೊಂಕಣಿ ಮಾತಾಡುವ ಕೆಥೊಲಿಕರ ಬಾಯಲ್ಲಿ ಚರ್ಚು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಅವರ ‘ದ್ವೀಪ’ ಕಾದಂಬರಿಯ ಪ್ರಸ್ತಾಪ ಬಹಳವಿತ್ತು. ಅದು ಸಲ್ಲಬೇಕಾದ್ದೇ, ಆದರೆ ಅವರ ಈ ಇನ್ನೊಂದು ಕೆಲಸವೂ ಅಷ್ಟೇ ಗಮನವನ್ನು ಬೇಡುತ್ತದೆ.

ಈ ಕೊರತೆಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅಲ್ಪಸಂಖ್ಯಾತ ಸಮುದಾಯದ ಲೇಖಕರ ಮೇಲೆ ಎರಡು ಕಡೆಯ ಒತ್ತಡವಿರುತ್ತದೆ: ಹೊರಗೆ ಅನುಮಾನದಿಂದ ನೋಡುವ ಕಣ್ಣುಗಳಿರುವಾಗ ಮನೆಯ ಹುಳುಕನ್ನು ಬೀದಿಗೆ ತರಬೇಡವೆಂದು ಒಳಗಿನವರು ಕೇಳಿಕೊಳ್ಳುತ್ತಾರೆ, ಹೊರಗಿನವರೋ, ಒಬ್ಬ ಪಾತ್ರದ ತಪ್ಪನ್ನು ಇಡೀ ಸಮುದಾಯದ ಲೆಕ್ಕಕ್ಕೆ ಬರೆದುಕೊಳ್ಳಲು ಕಾದಿರುತ್ತಾರೆ. ಇದರಿಂದ ಬರಹದಲ್ಲಿ ಒಳ್ಳೆಯ ಪಾದ್ರಿ, ಸೇವಾಭಾವದ ದಾದಿ, ತಾಳ್ಮೆಯ ಶಿಕ್ಷಕಿಯರು ಉಳಿಯುತ್ತಾರೆ, ಮಿಕ್ಕವರು ಮರೆಯಾಗುತ್ತಾರೆ. ದಲಿತ ಮೂಲದ ಕ್ರೈಸ್ತರ ಪಾಲಿಗೆ ಮೌನದ ಬೆಲೆ ಇನ್ನೂ ಹೆಚ್ಚು: 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಮಾನ್ಯತೆಯಿಲ್ಲ. ಜಾತಿಯ ನೋವು ಇದೆಯೆಂದರೆ ಚರ್ಚಿಗೆ ಮುಜುಗರ, ಇಲ್ಲವೆಂದರೆ ಹಕ್ಕಿಗೆ ಕುತ್ತು. ಇಂಥ ಇಕ್ಕಟ್ಟಿನಲ್ಲಿರುವವರು ತಮ್ಮ ಭಾನುವಾರವನ್ನು ಇದ್ದಂತೆ ಬರೆದರೆ ಅದು ದೊಡ್ಡ ಧೈರ್ಯವೇ.

ಬರೆಯಲು ಬೇಕಾದ ವಸ್ತುವಿಗಂತೂ ಕರ್ನಾಟಕದಲ್ಲಿ ಕೊರತೆಯಿಲ್ಲ. ಸೆಪ್ಟೆಂಬರ್ 8ರಂದು ಕರಾವಳಿಯ ಕೆಥೊಲಿಕರು ಮರಿಯಮ್ಮನವರ ಜನ್ಮದಿನವಾಗಿ ಆಚರಿಸುವ ಮೊಂತಿ ಹಬ್ಬಕ್ಕೆ ಚರ್ಚಿನಿಂದ ಆಶೀರ್ವದಿಸಿ ತಂದ ಹೊಸ ತೆನೆಯ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆ‌ಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ, ಅಂದಿನ ಊಟ ಪೂರ್ತಿ ತರಕಾರಿಯದು. ನೆರೆಯ ಹಿಂದೂ ಮನೆಗಳ ಹೊಸಕ್ಕಿಯ ಆಚರಣೆಯಾದ ಹೊಸ್ತಿಗೆ ಇದು ತೀರ ಹತ್ತಿರದ ಬಂಧು. ದುಬೈಯಿಂದಲೋ ಮುಂಬಯಿಯಿಂದಲೋ ಬರಲಾಗದ ಮಗನ ಪಾಲಿನ ಕಾಳನ್ನು ತೆಗೆದಿಡುವ ಮನೆಯಲ್ಲಿ ಆ ಹಬ್ಬದ ಅರ್ಥ ಏನಾಗುತ್ತದೆ, ಗದ್ದೆ ಮಾರಿಹೋದ ಮೇಲೆ ತೆನೆಯನ್ನು ಬೇರೆಲ್ಲಿಂದಲೋ ತರಿಸುವ ಚರ್ಚಿನಲ್ಲಿ ಕೃತಜ್ಞತೆ ಯಾವುದಕ್ಕೆ ಸಲ್ಲುತ್ತದೆ, ಸಂಜೆಯ ಜಪಸರಕ್ಕೆ ಮಕ್ಕಳು ಬಾರದಿದ್ದಾಗ ಒಬ್ಬಳೇ ಕುಳಿತು ಮಣಿ ಎಣಿಸುವ ಅಜ್ಜಿ ಮೊದಲು ಹೇಳುವವರ, ಮರುನುಡಿಯುವವರ ಇಬ್ಬರ ಪಾಲಿನ ಮಾತನ್ನೂ ತಾನೇ ಹೇಳುತ್ತಾಳೆಯೇ ಎಂಬ ಪ್ರಶ್ನೆಗಳು ದೇವಶಾಸ್ತ್ರದ ಪ್ರಶ್ನೆಗಳೇ. ಹೆಂಚಿನ ಕಾರ್ಖಾನೆಗಳ ಆಸರೆಯಲ್ಲಿ ಬೆಳೆದ ಪ್ರಾಟೆಸ್ಟೆಂಟ್ ಕುಟುಂಬಗಳ ಕಥೆಯೂ ಒಳಗಿನ ದನಿಯಲ್ಲಿ ಬರಬೇಕಾಗಿದೆ. ಸಂಬಳ ಕೊಡುವ ಸಂಸ್ಥೆ ಮತ್ತು ಪ್ರಾರ್ಥನೆ ಕಲಿಸುವ ಸಂಸ್ಥೆ ಎರಡೂ ಒಂದೇ ಆಗಿದ್ದಾಗ ಒಬ್ಬ ಕೆಲಸಗಾರನ ನಂಬಿಕೆಯಲ್ಲಿ ಅವನದೆಷ್ಟು, ಅವನ ಅಗತ್ಯದ್ದೆಷ್ಟು ಎಂದು ಅವನ ಮೊಮ್ಮಕ್ಕಳು ನಿರ್ಭಯವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಪೂರ್ವಜರ ಭಕ್ತಿ ಕಿರಿದಾಗುವುದಿಲ್ಲ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಬಾಸೆಲ್ ಮಿಷನ್ನಿನ ಕಾಲದ ಮುದ್ರಿತ ಸಾಮಗ್ರಿಯನ್ನು ಕಾಪಿಟ್ಟುಕೊಂಡು ಬರಲಾಗಿದೆ. ವರದಿಗಳು ಅಲ್ಲಿ ಸಿಗುತ್ತವೆ. ವರದಿಗೆ ಸಿಗದೆ ಹೋದದ್ದು ಇನ್ನೂ ಮನೆಗಳಲ್ಲಿದೆ, ಕುಟುಂಬದ ಬೈಬಲ್ಲುಗಳ ಮೊದಲ ಹಾಳೆಯಲ್ಲಿ ಬರೆದಿಟ್ಟ ಹುಟ್ಟು ಸಾವುಗಳ ತಾರೀಖುಗಳಲ್ಲಿ, ಅಂಚಿನಲ್ಲಿ ಗುರುತು ಹಾಕಿದ ಕೀರ್ತನೆಗಳಲ್ಲಿ, ಎಂಬತ್ತು ದಾಟಿದವರ ನೆನಪಿನಲ್ಲಿ. ಮಗ ಒತ್ತಾಯಿಸಿದ್ದರಿಂದ ಲಕ್ಷ್ಮೀಬಾಯಿಯವರು ಬರೆಯತೊಡಗಿದಂತೆ, ಇವರನ್ನೂ ಯಾರಾದರೂ ಕುಳಿತು ಕೇಳಬೇಕಾಗಿದೆ.